ಮುದ್ರೆಯಿಲ್ಲದ ಹೂಜಿ

ಶೈಲಾ, ಆ ಹೂಜಿ ನನ್ನ ಕೈ ಜಾರಿ ಬಿದ್ದದ್ದಲ್ಲ. ನಾನೇ ಬಿಟ್ಟೆ. ನಿಮ್ಮ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ, ಗುರಿ ನೋಡಿ ಬಿಟ್ಟೆ. ಸದ್ದು ಕೇಳಿ ನೀನು ಐದು ತಿಂಗಳ ಹೊಟ್ಟೆ ಹಿಡಿದುಕೊಂಡು ಓಡಿ ಬಂದೆ. "ಹೋಗ್ಲಿ ಬಿಡಿ ಗಿರಿಜಕ್ಕಾ, ನಿಮ್ಮ ಕೈಗೆಂತ ತಾಗ್ಲಿಲ್ಲ ಅಲ?" ಎಂದೆ. ಎರಡು ವರ್ಷವಾಯಿತು. ನಾನು ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ. ಮೊದಲಿನಿಂದ ಒಂದೊಂದಾಗಿ ಹೇಳದಿದ್ದರೆ ನಡುವೆ ಎಲ್ಲೋ ನುಣುಚಿಕೊಳ್ಳುತ್ತೇನೆ — ನನ್ನ ಬಗ್ಗೆ ನನಗೆ ಅಷ್ಟು ಗೊತ್ತು.

ನಿನ್ನ ಗಂಡ ಮಂಜುನಾಥ ಹಳೆಯ ಕಟ್ಟಡ ಕೆಡವುವ ಗುತ್ತಿಗೆದಾರ. ಯಲ್ಲಾಪುರದಲ್ಲಿ ಒಂದು ಬಂಗಲೆ ಕೆಡವುವಾಗ ಮಣ್ಣಿನಲ್ಲಿ ಸಿಕ್ಕಿತೆಂದು ಆ ಹೂಜಿಯನ್ನು ಇಸಳೂರಿಗೆ ತಂದ. ಬಿಳಿ ಮೈ, ನೀಲಿ ಬಳ್ಳಿ, ದುಂಡು ಹೊಟ್ಟೆ, ಒಂದೇ ಹಿಡಿಕೆ. ನೀನು, ಅವನು, ನಿನ್ನ ಅತ್ತೆ ಮೂವರೂ ಅದನ್ನು ಹಿಡಿದುಕೊಂಡು ಪಕ್ಕದ ಬಾಡಿಗೆ ಮನೆಯ ನನ್ನ ಬಾಗಿಲಿಗೆ ಬಂದಿರಿ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಶಿರಸಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹಳೆಯ ಪಾತ್ರೆಪಡಗದ ಬಗ್ಗೆ ಮೂರು ದಿನದ ತರಬೇತಿಯೊಂದಕ್ಕೆ ಹೋಗಿಬಂದಿದ್ದೆ. ಮೂರೇ ದಿನ. ಆದರೆ ಓಣಿಯವರ ಮುಂದೆ ಅದನ್ನು ಮೂರು ವರ್ಷದ ಹಾಗೆ ಹೇಳಿಕೊಂಡಿದ್ದೆ.

ಬೋರಲು ಹಾಕಿ ನೋಡಿದೆ. ತಳದಲ್ಲಿ ಮುದ್ರೆಯಿಲ್ಲ, ಒಂದಕ್ಷರವೂ ಇಲ್ಲ. ಉಗುರಿನಿಂದ ತಟ್ಟಿದೆ. ಒಳ್ಳೆಯ ಪಿಂಗಾಣಿಯಾದರೆ ಸಣ್ಣ ಗಂಟೆಯ ಹಾಗೆ ನಾದ ಬರಬೇಕು. ಇದು ಠಪ್ ಎಂದಿತು. ಮೊಬೈಲಿನ ಬೆಳಕನ್ನು ಒಳಗಿಟ್ಟೆ. ಬೆಳಕು ಗೋಡೆಯ ಮೂಲಕ ಹಾಲಿನ ಹಾಗೆ ಹೊರಗೆ ಕಾಣಬೇಕು. ಏನೂ ಕಾಣಲಿಲ್ಲ. ನಾನು ಕೇಳಿದೆ, ನೋಡಿದೆ, ನನಗೆ ಅರ್ಥವೂ ಆಯಿತು. ಪಿಂಗಾಣಿ ಎನಿಸುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ ಎಂದೇ ನೆನಪು — ಅಥವಾ ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ.

"ಗಿರಿಜಕ್ಕನ ಕೈಗೆ ಕೊಟ್ರೆ ತೆಂಗಿನ ಚಿಪ್ಪಿಗೂ ಚರಿತ್ರೆ ಬರ್ತದೆ!" ಎಂದು ನೀನು ನಕ್ಕೆ. ಮಂಜುನಾಥನೂ ನಕ್ಕ. ಆ ನಗುವಿನಲ್ಲಿ ನನಗೆ ಎಷ್ಟು ಪ್ರೀತಿ ಕಂಡಿತೆಂದರೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. "ನೂರೈವತ್ತು ವರ್ಷದ್ದು ಐತಿ. ಹೊರದೇಶದ್ದು, ಅಪ್ಪಟ ಪಿಂಗಾಣಿ. ಮುದ್ರೆ ಇಲ್ಲದ್ದೇ ಹಳೇದು ಅನ್ನೂದಕ್ಕ ಗುರುತು" ಎಂದೆ. ಅಂಥದೊಂದು ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ನಿಂತಲ್ಲೇ ಹುಟ್ಟಿಸಿದ್ದು.

ಆಗ ನಿನ್ನ ಅತ್ತೆ ಮುಂದೆ ಬಂದರು. ನನ್ನ ನೂರೈವತ್ತು ವರ್ಷ ಅವರಿಗೆ ಬೇಕಿರಲಿಲ್ಲ.

"ಅದೆಲ್ಲ ಇರ್ಲಿ. ಇದ್ರಲ್ಲಿ ಹುಳಿ ಇಡ್ಲಕ್ಕ?"

ನಿಮ್ಮ ಅಡುಗೆಮನೆಯಲ್ಲಿ ಪಾತ್ರೆಗೆ ಇರುವುದು ಅದೊಂದೇ ಪರೀಕ್ಷೆ. ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಅಲ್ಯೂಮಿನಿಯಂ ಕಪ್ಪಾಗುತ್ತದೆ, ಪಿಂಗಾಣಿಯಲ್ಲಿ ಮಾತ್ರ ಉಪ್ಪಿನಕಾಯಿ ವರ್ಷವಿದ್ದರೂ ಕೆಡುವುದಿಲ್ಲ. ಹಾಗಾಗಿ ಪಿಂಗಾಣಿ ಎಂದು ಒಮ್ಮೆ ಹೇಳಿದರೆ ಹುಳಿ ಇಡಬಹುದು ಎಂದು ಹೇಳಿದ ಹಾಗೆಯೇ. ನಾನು ಊರು, ಕಾಲ, ದೇಶ ಎಂದು ಸುಳ್ಳು ಹೇಳುತ್ತಿದ್ದೆ. ಅವರು ಕೇಳಿದ್ದು ಹೊಟ್ಟೆಗೆ ಹೋಗುವ ವಿಷಯ.

"ಇಡ್ರಿ ಅಮ್ಮಾ. ಏನೂ ಆಗಂಗಿಲ್ಲ."

ಇಷ್ಟೇ ನಾನು ಹೇಳಿದ್ದು. ಈಗ ಮಕ್ಕಳಿಗೆ ಪಾಠ ಮಾಡುವಾಗ ನಡುವೆ ಈ ಮಾತು ನನ್ನದೇ ದನಿಯಲ್ಲಿ ಕೇಳಿಸುತ್ತದೆ.

ಆಗ ನಿನಗೆ ಎರಡು ತಿಂಗಳು. ನನಗೆ ತಿಳಿದಿರಲಿಲ್ಲ, ಮುಂದಿನ ವಾರ ತಿಳಿಯಿತು. ನಿನಗೆ ಹುಳಿಯ ಬಯಕೆ. ಅತ್ತೆ ಮುರುಗಲ ಹಣ್ಣಿನ ಹುಳಿ ಸಿಪ್ಪೆ ನೆನೆಸಿ, ಬೆಲ್ಲ ಹಾಕಿ, ಆ ಹೂಜಿಯ ತುಂಬ ಇಟ್ಟರು. ಮುಗಿದಂತೆಲ್ಲ ಮತ್ತೆ ತುಂಬಿಸಿದರು. ನಾನು ಬಂದಾಗಲೆಲ್ಲ ನೀನು ಒಂದು ಲೋಟ ಬಗ್ಗಿಸಿಕೊಂಡು ಕೂತಿರುತ್ತಿದ್ದೆ. ನೀನು ಹೊಟ್ಟೆ ನುಲಿಯುತ್ತದೆ ಎಂದೆ. ತಲೆನೋವು ಎಂದೆ. "ಬಾಯೆಲ್ಲ ಕಬ್ಬಿಣ ಚೀಪಿದಂಗೆ ಆಗ್ತದೆ ಅಕ್ಕಾ" ಎಂದೆ. ಬಸುರಿಯರಿಗೆ ಹಾಗೆಲ್ಲ ಆಗುತ್ತದೆ ಎಂದು ನಾವೆಲ್ಲ ಹೇಳಿದೆವು. ನಾನೂ ಹೇಳಿದೆ. ನನಗೆ ಮಕ್ಕಳಿಲ್ಲ, ನನಗೇನು ಗೊತ್ತಿತ್ತು ಅದು — ಆದರೂ ಹೇಳಿದೆ.

ಒಂದು ಮಧ್ಯಾಹ್ನ ನೀನು ಮಲಗಿದ್ದೆ. ನೀರು ಕುಡಿಯಲು ಒಳಗೆ ಹೋದವಳು ಹೂಜಿಯನ್ನು ಬಗ್ಗಿಸಿ ನೋಡಿದೆ. ಒಳಗಿನ ಬಿಳಿ ಹೊಳಪು ಹೋಗಿತ್ತು. ಹುಳಿ ನಿಲ್ಲುವಷ್ಟು ಮಟ್ಟಕ್ಕೆ ಮೈ ತರಿತರಿಯಾಗಿ ಸೀಮೆಸುಣ್ಣದ ಹಾಗೆ ಕೈಗೆ ಹತ್ತುತ್ತಿತ್ತು. ತಳದಲ್ಲಿ ಲೇಪ ಎದ್ದ ಕಡೆ ಕೆಂಪು ಮಣ್ಣು ಕಂಡಿತು. ಪಿಂಗಾಣಿ ಒಳಗೂ ಹೊರಗೂ ಬಿಳಿಯೇ. ಇದು ಬರೀ ಮಣ್ಣಿನ ಹೂಜಿ, ಮೇಲೆ ಬಿಳಿ ಬಳಿದದ್ದು. ಆ ಬಗೆಯ ಹಳೆಯ ಹೊಳಪಿನಲ್ಲಿ ಸೀಸವೆಂಬ ವಿಷದ ಲೋಹ ಇರುತ್ತದೆ, ಹುಳಿ ಅದನ್ನು ಕರಗಿಸಿ ಹೀರುತ್ತದೆ — ತರಬೇತಿಯ ಮೂರನೆಯ ದಿನ ಹೇಳಿಕೊಟ್ಟಿದ್ದರು. ನಾನು ಟಿಪ್ಪಣಿ ಮಾಡಿಕೊಂಡಿದ್ದೆ.

ಕೂಗಬಹುದಿತ್ತು. ನಿನ್ನನ್ನು ಎಬ್ಬಿಸಿ ಹೂಜಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬಹುದಿತ್ತು. ನಾನು ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಇನ್ನು ಮೇಲೆ ನೀನು ಅದರಲ್ಲಿ ಕುಡಿಯಬಾರದು, ನಾನು ತಪ್ಪು ಹೇಳಿದ್ದು ಯಾರಿಗೂ ತಿಳಿಯಲೂಬಾರದು. ಎರಡೂ ಒಂದೇ ಏಟಿಗೆ ಆಗುವ ಹಾಗೆ ಕೈ ಬಿಟ್ಟೆ. ಚೂರುಗಳನ್ನು ನಾನೇ ಗುಡಿಸಿ ಕಸದ ಗಾಡಿಗೆ ಹಾಕಿದೆ. ನೀನು ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ, ಗಾಯವಾಗಿದೆಯೇ ಎಂದು.

ಹೂಜಿ ಒಡೆದ ಒಂಬತ್ತನೆಯ ದಿನ ನಿನಗೆ ರಕ್ತ ಹೋಗತೊಡಗಿತು. ಮಗು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತವಳು ನಾನೇ. ಡಾಕ್ಟರಮ್ಮ ಕೇಳಿದರು, "ನಾಟಿ ಮದ್ದು, ಬೇರೆ ಎಂತಾದ್ರೂ ತಗೊಂಡಿದ್ರಾ? ಸರಿ ನೆನಪು ಮಾಡಿ ಹೇಳಿ." ನೀನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಇಲ್ಲ ಎಂದೆ. ನಂತರ ಅವರು ನನ್ನ ಕಡೆ ನೋಡಿದರು. ನನ್ನ ಕಡೆ, ಶೈಲಾ. ಎಣಿಸಿದರೆ ಎರಡು ಉಸಿರಿನಷ್ಟು ಹೊತ್ತು. ನಾನೂ ಇಲ್ಲ ಎಂದು ತಲೆಯಾಡಿಸಿದೆ.

ಬಾಗಿಲಲ್ಲಿ ನಿಂತಿದ್ದ ನಿನ್ನ ಅತ್ತೆ, "ಸಿದ್ದಾಪುರದ ಮದ್ವೆಗೆ ಸ್ಕೂಟರ್ ಮೇಲೆ ಹೋಪ್ದು ಬ್ಯಾಡ ಹೇಳಿದ್ರೂ ಕೇಳಿದ್ದಿಲ್ಲೆ" ಎಂದು ಅತ್ತರು. ಅಂದಿನಿಂದ ಆ ಮನೆಯಲ್ಲಿ ಕಾರಣ ಸ್ಕೂಟರ್ ಆಯಿತು, ಅಂದರೆ ನೀನಾದೆ. ನೀನೂ ಅದನ್ನು ನಂಬಿದೆ.

ಈ ವರ್ಷ ಎರಡನೆಯ ಬಸಿರೂ ಉಳಿಯಲಿಲ್ಲ. ಈ ಸಲ ನೀನು ಮೂರು ತಿಂಗಳೂ ಹೊಸ್ತಿಲು ದಾಟದೆ ಮಲಗಿದ್ದೆ. ಅದರ ನಂತರವಷ್ಟೇ ನಾನು ಹುಬ್ಬಳ್ಳಿಯ ಒಬ್ಬ ವೈದ್ಯರ ಬಳಿ ಯಾರದೋ ಕಥೆ ಎಂಬಂತೆ ಕೇಳಿದೆ. ಸೀಸದಿಂದ ಹೀಗಾಗಬಹುದು, ಅದೇ ಕಾರಣ ಎಂದು ಈಗ ಯಾರೂ ಹೇಳಲಾರರು ಎಂದರು. ಅದು ಎಲುಬಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬಸಿರು ನಿಂತಾಗ ಮತ್ತೆ ರಕ್ತಕ್ಕೆ ಇಳಿಯುವುದೂ ಉಂಟು, ಆಗಲೇ ರಕ್ತ ನೋಡಿದ್ದರೆ, ಪಾತ್ರೆ ಸಿಕ್ಕಿದ್ದರೆ — ಅವರು ಹೇಳುತ್ತಲೇ ಇದ್ದರು. ನನಗೆ ಮುಂದೆ ಕೇಳಿಸಲಿಲ್ಲ.

ಹಾಗಾಗಿ ನಿನ್ನ ಮಗುವನ್ನು ಕೊಂದದ್ದು ನಾನೇ ಎಂದು ಹೇಳುವ ಹಕ್ಕೂ ನನಗಿಲ್ಲ, ಅಲ್ಲ ಎಂದು ಹೇಳುವ ಹಕ್ಕೂ ಇಲ್ಲ. ತಿಳಿಯುವ ಒಂದೇ ದಾರಿಯನ್ನು ಕಲ್ಲಿನ ಮೇಲೆ ಒಡೆದವಳು ನಾನು.

ಮೊನ್ನೆ ಬೇಲಿಯ ಬಳಿ ನಿಂತು ನೀನು ಹೇಳಿದೆ: "ನನ್ನ ಹೊಟ್ಟೆನೇ ಸರಿ ಇಲ್ಲ ಅಕ್ಕಾ. ಇವ್ರಿಗೆ ಬೇರೆ ಯಾರಾದ್ರೂ ಸಿಕ್ಕಿದ್ರೆ ಚಲೋ ಇತ್ತು." ನಾನು ನಿನ್ನ ಭುಜ ಮುಟ್ಟಿ ಸಮಾಧಾನ ಹೇಳಿದೆ. ಆ ಕೈಯನ್ನು ಮನೆಗೆ ಬಂದು ಎಷ್ಟು ತೊಳೆದೆನೋ.

ನೀನು ಕ್ಷಮಿಸಬೇಡ. ಕ್ಷಮೆ ಕೇಳಲು ಬರೆದದ್ದಲ್ಲ ಇದು. ಈ ಹಾಳೆಗಳನ್ನು ನಿನ್ನ ಡಾಕ್ಟರಮ್ಮನಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿಸು. ತಡವಾಗಿದೆ, ಏನೂ ತಿಳಿಯದೆಯೂ ಹೋಗಬಹುದು.

ನಾಳೆ ಬೆಳಿಗ್ಗೆ ನಿನ್ನ ಅತ್ತೆಯೂ ಮಂಜುನಾಥನೂ ಮನೆಯಲ್ಲಿರುವಾಗಲೇ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ತಪ್ಪು ಸ್ಕೂಟರಿನದಲ್ಲ, ನಿನ್ನದಂತೂ ಅಲ್ಲ ಎಂದು ಅವರಿಬ್ಬರಿಗೂ ಬಾಯಿಬಿಟ್ಟು ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಅಂಗಳದಲ್ಲೇ ನಿಂತು ಹೇಳುತ್ತೇನೆ, ಇಡೀ ಓಣಿಗೆ ಕೇಳಿದರೂ ಸರಿ.