ಮಾವನ ಹೊಟ್ಟೆಯ ನೀರು

ನನ್ನ ಸೋದರಮಾವನಿಗೆ ಬಲ್ಮಠದ ಹತ್ತಿರ ಒಂದು ಬಾರ್ ಇದೆ. ಆದರೆ ಅವರು ಒಂದು ತೊಟ್ಟೂ ಕುಡಿದವರಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ನಾವು ಬಂಧುಗಳು "ಹೌದು, ಹೌದು" ಎನ್ನುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಅತ್ತೆಯೊಬ್ಬರೇ ಗಂಡನ ಪರ. "ಇವರು ಮುಟ್ಟುವುದಿಲ್ಲ, ನನಗೆ ಗೊತ್ತುಂಟು" ಎಂದು ಮದುವೆಯೂಟದ ಪಂಕ್ತಿಯಲ್ಲೂ ಜಗಳಕ್ಕೆ ನಿಲ್ಲುತ್ತಿದ್ದರು. ಮಾವ ಪಕ್ಕದಲ್ಲಿ ಕುಳಿತು ಲವಂಗ ಜಗಿಯುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಸದಾ ಲವಂಗ ಇರುತ್ತಿತ್ತು.

ಹೋದ ವರ್ಷ ಮಾವನ ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬತೊಡಗಿತು. ಸ್ಕ್ಯಾನ್ ಮಾಡಿಸಿದರೆ ಒಳಗೆ ನೀರು. ನೀರು ಎಂದ ಕೂಡಲೇ ಬಂಧುಬಳಗದವರೆಲ್ಲ ಡಾಕ್ಟರುಗಳಾದರು. ಲಿವರ್ ಹೋಗಿದೆ, ಕುಡಿತವೇ ಕಾರಣ, ಇನ್ನೆಂತ ನೋಡಲಿಕ್ಕುಂಟು? ಮಾವನಿಗೆ ಸಾಯುವ ಹೆದರಿಕೆಗಿಂತ ಕುಡುಕನೆನಿಸಿಕೊಂಡು ಸಾಯುವ ಹೆದರಿಕೆಯೇ ಹೆಚ್ಚಾಗಿತ್ತು.

ಅತ್ತಾವರದ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರಮ್ಮ ಬಂದು, "ಅಂಕಲ್, ನಾಳೆ ಟ್ಯಾಪಿಂಗ್ ಮಾಡ್ತೇವೆ. ಸೂಜಿ ಹಾಕಿ ತೆಗೆದ ನೀರನ್ನು ಲ್ಯಾಬಿಗೆ ಕಳಿಸ್ತೇವೆ" ಎಂದರು.

"ಟ್ಯಾಪಿಂಗಾ? ಗೀರಿ ಹಾಲು ಇಳಿಸಲಿಕ್ಕೆ ನಾನೆಂತ ರಬ್ಬರ್ ಮರವಾ ಮಾರಾಯ್ತಿ?" ಎಂದರು ಮಾವ.

ಮರುದಿನ ಸೂಜಿ ಚುಚ್ಚಿ ತೆಗೆದ ನೀರನ್ನು ಬಾಟಲಿಗೆ ತುಂಬಿ, ನನ್ನ ಕೈಗೆ ಕೊಟ್ಟು, ಕೆಳಗಿನ ಲ್ಯಾಬಿಗೆ ಅಟ್ಟಿದರು. ಬಣ್ಣ ನೋಡಿದೆ. ಅಪ್ಪಟ ಬಿಯರ್! ಮೇಲೆ ಸಣ್ಣ ನೊರೆ ಬೇರೆ. ಮನೆತನದ ಮಾನ ಮುಚ್ಚಲೆಂದು ಹಳೆಯ ಪೇಪರಿನಲ್ಲಿ ಸುತ್ತಿದೆ. ವೈನ್‌ಶಾಪಿನವರೂ ಹೀಗೆಯೇ ಸುತ್ತಿಕೊಡುತ್ತಾರೆಂದು ನನಗೆ ಹೊಳೆದದ್ದು ಲಿಫ್ಟಿನಲ್ಲಿ, ಮಾವನನ್ನು ನೋಡಲು ಬಂದಿದ್ದ ತೊಕ್ಕೊಟ್ಟಿನ ಚಿಕ್ಕಮ್ಮನ ಕಣ್ಣು ನೋಡಿದ ಮೇಲೆ.

"ಇಲ್ಲಿಗೂ ತರಿಸಿದ್ರಾ?" ಎಂದರು ಚಿಕ್ಕಮ್ಮ.

"ತರಿಸಿದ್ದಲ್ಲ, ಮಾವನ ಒಳಗಿದ್ದದ್ದು" ಎಂದೆ. ಅದರಿಂದ ಪರಿಸ್ಥಿತಿ ಏನೂ ಸುಧಾರಿಸಲಿಲ್ಲ.

ರಿಪೋರ್ಟ್ ಬರುವ ತನಕ ಮಾವನಿಗೆ ಗಂಜಿಯೂ ಇಳಿಯಲಿಲ್ಲ. ಕೊನೆಗೆ ಡಾಕ್ಟರಮ್ಮ ಬಂದರು. "ರಕ್ತವನ್ನೂ ಈ ನೀರನ್ನೂ ಹೋಲಿಸಿ ನೋಡಿದೆವು. ಇದು ಲಿವರ್ ಹಾಳಾಗಿ ಬಂದ ನೀರಲ್ಲ. ಕ್ಯಾನ್ಸರೂ ಕಾಣುವುದಿಲ್ಲ. ಹೊಟ್ಟೆಯ ಟಿ.ಬಿ. ಮಾತ್ರೆಯಲ್ಲಿ ಗುಣ ಆಗ್ತದೆ."

"ಟಿ.ಬಿ. ಅಂತೆ!" ಅತ್ತೆ ಲಾಟರಿ ಹೊಡೆದವರ ಹಾಗೆ ಕೂಗಿದರು. ಪಕ್ಕದ ಮಂಚದವರು ಮಾಸ್ಕ್ ಹುಡುಕತೊಡಗಿದರು. ಅತ್ತೆ ಅದನ್ನು ಗಮನಿಸದೆ ಚಿಕ್ಕಮ್ಮನಿಗೆ ಫೋನು ಮಾಡಿ, ಟಿ.ಬಿ. ಎಂದು ಇನ್ನೂ ಜೋರಾಗಿ ಹೇಳಿದರು.

ಮಾವ ಎದ್ದು ಕುಳಿತರು. "ಊರಿಡೀ ಸಂಶಯ ಪಟ್ಟಿತು. ನೀನೊಬ್ಬಳು ನನ್ನನ್ನು ನಂಬಿದ್ದಿ."

ಅತ್ತೆ ಸೆರಗಿನಿಂದ ಕಣ್ಣೊರಸಿಕೊಂಡರು. "ಯಾರು ನಂಬಿದ್ದು? ಜನರೆದುರು ಹಾಗೆ ಹೇಳದೆ ಎಂತ ಮಾಡುವುದು? ನೀವು ಮಲಗಿದ ಮೇಲೆ ದಿನಾ ನಿಮ್ಮ ಬಾಯಿ ಮೂಸಿ ನೋಡ್ತಿದ್ದೆ."

"ವಾಸನೆ ಬಂತಾ?"

"ಲವಂಗದ್ದು ಬಂತು. ಕುಡಿಯದವರಿಗೆ ಲವಂಗ ಎಂತಕ್ಕೆ? ಅದಕ್ಕೇ ಸಂಶಯ."

"ಬಾರಿನ ವಾಸನೆ ನಿನಗೆ ಆಗುವುದಿಲ್ಲ ಅಂತ ಹೇಳಿದ್ದಿಯಲ್ಲ, ಮದುವೆಯಾದ ಹೊಸತರಲ್ಲಿ" ಎಂದರು ಮಾವ ಮೆಲ್ಲಗೆ. "ಅದಕ್ಕೆ ತಿಂತಿದ್ದದ್ದು."

ಅತ್ತೆ ಎದ್ದರು. ಮಂಚದ ತಲೆಗೆ ತೂಗುಹಾಕಿದ್ದ ಅಂಗಿಯ ಜೇಬಿಗೆ ಕೈ ಹಾಕಿ, ಒಂದು ಲವಂಗ ತೆಗೆದು ಅವರ ಬಾಯಿಗಿಟ್ಟರು.