ಚಕ್ರಣ್ಣನ ನಕ್ಷೆ ಯಾರದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಚೆ ಕಚೇರಿಯ ಮುಂದೆ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಗಾಲಿಕುರ್ಚಿಯಲ್ಲಿ ಕೂತು, ಕೈಯಿಂದ ಚಕ್ರ ತಿರುಗಿಸುತ್ತ ಇಳಿಜಾರು ಹತ್ತುತ್ತಿದ್ದಾರೆ. ಅರ್ಧದಲ್ಲೇ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅವರು ಎದ್ದು, ಕುರ್ಚಿಯನ್ನು ಕೆಳಗಿಳಿಸಿ, ಮತ್ತೆ ಕೂರುತ್ತಾರೆ. ಪತ್ರಿಕೆ ಹಾಕುವವನು ಸೈಕಲ್ ನಿಲ್ಲಿಸುತ್ತಾನೆ.

“ನಡೆಯೋಕೆ ಬರುತ್ತಲ್ರೀ ನಿಮಗೆ?”

“ನನಗೆ ಬರುತ್ತಪ್ಪ. ಕುರ್ಚಿಗೆ ಬರಲ್ವಲ್ಲ!”

ಇವರು ಗಾಲಿಕುರ್ಚಿ ರಿಪೇರಿ ಮಾಡುವವರು. ಊರಿಗೆಲ್ಲ ಚಕ್ರಣ್ಣ. ಮಹಡಿ ಮೆಟ್ಟಿಲ ಕೆಳಗಿನ ಕಿರಿದಾದ ಅಂಗಡಿಯಲ್ಲಿ ಮೊದಲು ಸೈಕಲ್ ನೋಡುತ್ತಿದ್ದರು. ತಾಯಿಗೆ ಪಾರ್ಶ್ವವಾಯು ಬಡಿದ ಮೇಲೆ ಕೈ ಈ ಕಡೆ ತಿರುಗಿತು. ಹೊಲಿಗೆ ಬಲ್ಲ ಹೆಂಡತಿ ಕುರ್ಚಿಗಳಿಗೆ ಹೊಸ ಸೀಟು ಹೊಲಿಯುತ್ತಾರೆ.

“ಸರಿ ಮಾಡಿ ಕಳಿಸಿದ ಕುರ್ಚಿ ವಾರದಲ್ಲೇ ಚಕ್ರ ಮುರ್ಕೊಂಡು ವಾಪಸ್ ಬರೋದು. ತಪ್ಪು ನಂದಲ್ಲ, ರಸ್ತೆದು,” ಎನ್ನುತ್ತಾರೆ ಚಕ್ರಣ್ಣ. ಹಾಗಾಗಿ ಅಂಗಡಿ ತೆರೆಯುವ ಮುಂಚೆ ಊರು ಸುತ್ತಿ, ಎಲ್ಲಿ ಕುರ್ಚಿ ಹತ್ತುತ್ತದೆ, ಎಲ್ಲಿ ಇಲ್ಲ ಎಂದು ಮೊಬೈಲಿನ ಮುಕ್ತ ನಕ್ಷೆಗೆ ಸೇರಿಸತೊಡಗಿದರು. ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು.

ಕಳೆದ ವರ್ಷ ಗಿರಾಕಿಯೊಬ್ಬರು ಹೊಸ ಆ್ಯಪ್ ತೋರಿಸಲು ಬಂದರು. ಅಪಘಾತದಲ್ಲಿ ಕಾಲು ಸ್ವಾಧೀನ ತಪ್ಪಿದ, ನಾಟಕದ ಹುಚ್ಚಿನ ಮಹಿಳೆ. ಆ ಆ್ಯಪ್ ದುಡ್ಡು ಕಟ್ಟಿದವರಿಗೆ ಕುರ್ಚಿ ಹೋಗುವ ದಾರಿ ತೋರಿಸುತ್ತಿತ್ತು. ಚಕ್ರಣ್ಣ ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಇಳಿಜಾರಿನ ಪಕ್ಕ ಹೀಗಿತ್ತು: ‘ಇಲ್ಲಿ ನಾಯಿ ಮಲಗಿರುತ್ತೆ, ಹುಷಾರು.’ ಅವರೇ ಬರೆದದ್ದು!

“ಹಗಲುಗಳ್ಳರು! ನೀವು ಬೆವರು ಸುರಿಸೋದು, ಅವರು ಮಾರ್ಕೊಳ್ಳೋದು,” ಎಂದು ಹೆಂಡತಿ ಕೆಂಡವಾದರು.

ಚಕ್ರಣ್ಣ ನಕ್ಷೆಯ ಬಳಗ ನಡೆಸುವ ನಿವೃತ್ತ ಸರ್ವೇಯರ್ ಅಕ್ಕನ ಬಳಿ ಓಡಿದರು. ಅಕ್ಕ ನಕ್ಕುಬಿಟ್ಟರಂತೆ.

“ಮಾರೋದು ಕಳ್ಳತನ ಅಲ್ಲಪ್ಪ. ಆದರೆ ಎಲ್ಲಿಂದ ತಗೊಂಡ್ವಿ ಅಂತ ಹೇಳಬೇಕು. ಇದಕ್ಕೆ ತಮ್ಮದನ್ನೂ ಬೆರೆಸಿ ಜನರಿಗೆ ಕೊಟ್ಟರೆ, ಆ ಬೆರೆಸಿದ ಮಾಹಿತೀನೂ ಇದೇ ಷರತ್ತಿನ ಮೇಲೆ ಎಲ್ಲರಿಗೂ ಬಿಡಬೇಕು. ನೀನೂ ಒಪ್ಪಿಗೆ ಅಂತ ಒತ್ತಿದ್ಯಲ್ಲ?”

“ಒತ್ತಿದ್ದೆ ಅಕ್ಕಾ. ಅದನ್ನೆಲ್ಲ ಓದೋರು ಯಾರು? ಹಾಗಾದ್ರೆ ನಂದು ಅಂತ ಏನೂ ಇಲ್ವಾ?”

“ನಿಂದೂ ಹೌದು. ಎಲ್ಲರದೂ ಹೌದು.”

ಚಕ್ರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಆ ಆ್ಯಪ್‌ನ ಕಂಪನಿಗೆ ಬರೆದರು. ‘ನಾವು ಸೇರಿಸಿದ್ದು ನಮ್ಮ ಸ್ವತ್ತು’ ಎಂದು ಮೊದಲು ಜಾರಿಕೊಂಡ ಕಂಪನಿ, ಹಲವು ಪತ್ರಗಳ ಬಳಿಕ ಮುಕ್ತ ನಕ್ಷೆಯಿಂದ ಪಡೆದದ್ದೆಂದು ಒಪ್ಪಿಕೊಂಡು, ತನ್ನ ಮಾಹಿತಿಯನ್ನೂ ಬಿಟ್ಟುಕೊಟ್ಟಿತು. ಅದನ್ನು ನೋಡುತ್ತಾ ಹೋದ ಚಕ್ರಣ್ಣನಿಗೆ ದಿಗಿಲು. ನಾಟಕಮಂದಿರದ ಹಿಂಬದಿಯಲ್ಲಿ ಒಂದು ಇಳಿಜಾರು ಇದೆಯಂತೆ! ಅಲ್ಲಿಗೆ ಕುರ್ಚಿ ಹೋಗಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದು ಅವರೇ.

ಮರುದಿನ ಬೆಳಗ್ಗೆಯೇ ಕುರ್ಚಿ ಹತ್ತಿಸಿ ನೋಡಿದರು. ಇಳಿಜಾರು ನಿಜ. ಆದರೆ ತುದಿಯ ಕಬ್ಬಿಣದ ಬಾಗಿಲು ಹೊರಕ್ಕೆ ತೆರೆದುಕೊಂಡು ಕುರ್ಚಿಯನ್ನು ಹಿಂದಕ್ಕೆ ದೂಡುತ್ತದೆ. ‘ಬಾಗಿಲು ಹಿಡಿಯಲು ಒಬ್ಬರು ಬೇಕು’ ಎಂದು ನಕ್ಷೆಗೆ ಸೇರಿಸಿದರು. ಕೆಲವೇ ದಿನಗಳಲ್ಲಿ ಆ ಮಾತು ಕಂಪನಿಯ ಆ್ಯಪ್‌ನಲ್ಲೂ ಕಾಣಿಸಿಕೊಂಡಿತು.

“ಈಗ ಹೇಳಿ, ನಾನು ಅವರ ಕೆಲಸ ಮಾಡಿದ್ನಾ, ಅವರು ನನ್ನ ಕೆಲಸ ಮಾಡಿದ್ರಾ?” ಎಂದು ಅಂಗಡಿಗೆ ಬಂದ ನನ್ನನ್ನು ಕೇಳುತ್ತಾರೆ. “ಇವರಿಗೆ ಅರ್ಥವಾಗೋ ಹೊತ್ತಿಗೆ ನನಗೆ ಮುಪ್ಪು ಬಂದಿರುತ್ತೆ,” ಎನ್ನುತ್ತ ಹೆಂಡತಿ ದಾರ ಪೋಣಿಸುತ್ತಾರೆ.

ಆ ಗಿರಾಕಿ ನಾಟಕ ನೋಡಿದರೇ ಎಂದು ಕೇಳುತ್ತೇನೆ. ಚಕ್ರಣ್ಣ ಕೈಯ ಜಿಡ್ಡು ಒರೆಸಿಕೊಳ್ಳುತ್ತಾರೆ.

“ಹೋದ ತಿಂಗಳು ನೋಡಿದ್ರು. ನಕ್ಷೆ ಯಾರದೋ, ಷರತ್ತು ಏನೋ, ನನಗಿನ್ನೂ ಗೊತ್ತಾಗಿಲ್ಲ. ಆದರೆ ಅವತ್ತು ಬಾಗಿಲು ಹಿಡ್ಕೊಂಡಿದ್ದು ನಾನೇ.”