ಅಳತೆ ಬ್ಲೌಸ್

ಬೀರು ತೆಗೆದರೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಮ್ಮನ ಮಗಳ ಮದುವೆಗೆ ಅಕ್ಕನಿಗೊಂದು ಬ್ಲೌಸ್ ಹೊಲಿಸಬೇಕಿತ್ತು. ಅಳತೆಗೆ ಹಳೆಯದೊಂದನ್ನು ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಅಕ್ಕನ ಹಸಿರು ಬ್ಲೌಸ್. ಎಡಗಡೆಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಹೊರಕ್ಕೆ ಬಿಟ್ಟು ಮತ್ತೆ ಹೊಲಿದಿದ್ದಾರೆ. ಬಲಗಡೆ ಹಾಗೆಯೇ ಇದೆ. ಅದನ್ನು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ.

ನಿಮ್ಮ ಕಡೆ ಹೇಗೋ ಕಾಣೆ. ನಮ್ಮ ಚಿಂತಾಮಣಿಯಲ್ಲಿ ನಮ್ಮಂಥ ಹೆಂಗಸರು ಟೈಲರ್ ಮುಂದೆ ಕೈ ಎತ್ತಿ ನಿಲ್ಲುವುದಿಲ್ಲ. ಮೈಗೆ ಸರಿಹೋಗುವ ಹಳೇ ಬ್ಲೌಸೊಂದನ್ನು ಕೊಟ್ಟು ಬರುತ್ತೇವೆ. ನನ್ನ ಅಳತೆ ಬ್ಲೌಸ್ ನನ್ನ ಮದುವೆಯದು. ಆಮೇಲೆ ನಾನು ಎಷ್ಟು ಊದಿದ್ದೇನೆಂಬುದನ್ನು ದೇವರೂ ಬಸ್ಸಿನ ಸೀಟೂ ಬಲ್ಲವು. ಆದರೂ ಅದನ್ನೇ ಕೊಟ್ಟು, "ಒಂಚೂರು ಲೂಸ್ ಬಿಡಮ್ಮ" ಅನ್ನುತ್ತೇನೆ. ಹಾಗೆ ಲೂಸ್ ಬಿಟ್ಟಿದ್ದೇ ಮುಂದಿನ ಸಲಕ್ಕೆ ಅಳತೆ. ಮೈ ಬದಲಾಗಿದ್ದು ಬಟ್ಟೆಗೆ ಗೊತ್ತು, ನಮಗೆ ಗೊತ್ತಿಲ್ಲ.

ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ವರ್ಷಗಳ ಹಿಂದೆ ಕ್ಯಾನ್ಸರ್ ಬಂದು ಎಡ ಎದೆಯನ್ನು ತೆಗೆದರು. ಕರೆಂಟು ಕೊಟ್ಟರು, ಅದೇ ರೇಡಿಯೇಷನ್ನು. ಎಲ್ಲ ಆದಮೇಲೆ ಒಳಗೊಂದು ಸಿಲಿಕೋನ್ ಚೀಲ ಇಟ್ಟು ಆಕಾರ ಮಾಡಿಕೊಟ್ಟರು. ಆಗ ಸಂಬಂಧಿಕರು ಒಂದು ಮಾತು ಆಡಿದ್ದರು: "ಈ ವಯಸ್ಸಲ್ಲಿ ಯಾಕೆ ಬೇಕಿತ್ತಂತೆ?" ನನಗೆ ಮೈಯೆಲ್ಲ ಉರಿದುಹೋಗಿತ್ತು. ಅಕ್ಕ ಮಾತ್ರ ಸಮಾಧಾನವಾಗಿ, "ಬೋರ್ಡ್ ಮೇಲೆ ಬರೆಯೋವಾಗ ಸೆರಗಿನ ಮೇಲೇ ಜ್ಞಾನ ಇಟ್ಕೊಂಡು ಪಾಠ ಮಾಡಕ್ಕಾಗಲ್ಲ ಕಣೇ" ಅಂದಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಕೆಲವು ವರ್ಷ ತಪ್ಪದೆ ಚೆಕಪ್ಪಿಗೆ ಹೋದಳು. ಆಮೇಲೆ ಬಿಟ್ಟಳು. ಕಾಯಿಲೆಯೇ ಹೋದಮೇಲೆ ಆಸ್ಪತ್ರೆ ಯಾಕೆ ಅಂದುಕೊಂಡೆವು. ಚೀಲಕ್ಕೂ ಒಂದು ಆಯುಸ್ಸಿದೆ ಅಂತ ಯಾರಿಗೆ ಹೊಳೆಯಬೇಕು! ಬ್ಲೌಸ್ ಎಡಗಡೆ ಹಿಡಿಯುತ್ತಿದೆ ಅಂತ ಶುರುಮಾಡಿದಳು. ಟೈಲರ್ ಶಮೀಮಾ, "ಬಿಡಿಸ್ತೀನಿ ಬಿಡಿ ಮೇಡಂ" ಅನ್ನುವಳು. ಬಿಡಿಸಿದ್ದನ್ನೇ ಮುಂದಿನ ಸಲ ಅಳತೆಗೆ ಕೊಡುವುದು, ಅದೂ ಹಿಡಿಯುವುದು, ಮತ್ತೆ ಬಿಡಿಸುವುದು. ಕೊನೆಗೆ ಅಕ್ಕ ಶಮೀಮಾಳ ಕೈಯೇ ಕೆಟ್ಟಿತು ಅಂತ ಬೈದು ಬೇರೆ ಟೈಲರ್‌ ಹತ್ತಿರವೂ ಹೋಗಿಬಂದಳು.

ನಾವು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕಿದ ಮನೆಯವರು. ಹುಳ ಒಂದು ಹೊತ್ತು ಸೊಪ್ಪು ಬಿಟ್ಟರೂ ಅಪ್ಪ ತಟ್ಟೆ ತಟ್ಟೆ ಬಗ್ಗಿ ನೋಡುತ್ತಿದ್ದರು. ಮನೆಯ ಹೆಂಗಸರಿಗೆ ಎಲ್ಲಿ ನೋವು ಅಂತ ಕೇಳಿದವರನ್ನು ನಾನು ಕಾಣೆ. ಹೇಳಿಕೊಂಡವರನ್ನೂ ಕಾಣೆ.

ಒಂದು ಯುಗಾದಿಯ ಬೆಳಿಗ್ಗೆ ಅಕ್ಕನಿಗೆ ಎಣ್ಣೆ ಹಚ್ಚುತ್ತಿದ್ದೆ. ಬೆನ್ನು, ಭುಜ ತಿಕ್ಕಿ ಎಡ ಪಕ್ಕೆಗೆ ಕೈ ಇಳಿಸಿದೆ. ಅಂಗೈಗೆ ಕೊಬ್ಬರಿ ಬಟ್ಟಲಿನಂಥ ಗಟ್ಟಿ ತಾಗಿತು. ಎದೆ ಕುತ್ತಿಗೆಯ ಕಡೆಗೆ ಸರಿದು ಓರೆಯಾಗಿತ್ತು.

"ಏನಕ್ಕ ಇದು?"

"ಬ್ಲೌಸ್ ಬಿಗಿ ಕಣೇ, ಅದಕ್ಕೇ."

"ಈಗ ಬ್ಲೌಸೇ ಹಾಕ್ಕೊಂಡಿಲ್ವಲ್ಲಕ್ಕ."

ಅಕ್ಕ ತಿರುಗಿ ನೋಡಲಿಲ್ಲ. ಬೇವು ಬೆಲ್ಲ ತಿಂದದ್ದೇ, ಆಸ್ಪತ್ರೆಗೆ ಹೊರಡಲೇಬೇಕೆಂದು ನಾನು ಹಠ ಹಿಡಿದೆ.

ಬೆಂಗಳೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. ಕಾಯಿಲೆ ಮರುಕಳಿಸಿರಲಿಲ್ಲ. ಆದರೆ ಚೀಲ ಒಳಗೇ ಹರಿದಿತ್ತು. ಸುತ್ತ ಬೆಳೆದ ಪೊರೆ ಅದನ್ನು ಹಿಂಡಿ ಗಟ್ಟಿಮಾಡಿತ್ತು. "ಇದು ಜೀವನಪೂರ್ತಿ ಇರೋ ವಸ್ತು ಅಲ್ಲಮ್ಮ. ಗಟ್ಟಿಯಾದ್ರೆ, ಜರುಗಿದ್ರೆ, ಊದಿದ್ರೆ, ನೋವು ಬಂದ್ರೆ ಆವಾಗಲೇ ತೋರಿಸ್ಬೇಕು. ಏನೂ ಆಗ್ದಿದ್ರೂ ಆಗಾಗ ಸ್ಕ್ಯಾನ್ ಮಾಡಿಸ್ಬೇಕು. ಒಳಗೆ ಹರಿದ್ರೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ" ಅಂದರು.

"ತೆಗೆದು ಬೇರೆ ಹಾಕ್ತೀರಲ್ಲ?" ಅಕ್ಕ ಕೇಳಿದಳು. ಅವಳಿಗೆ ಬೇಕಾಗಿದ್ದು ಅದೊಂದೇ ಉತ್ತರ.

ಡಾಕ್ಟರಮ್ಮ ಸ್ಕ್ಯಾನ್ ಬದಿಗಿಟ್ಟರು. "ಮುಂಚೆ ಬಂದಿದ್ರೆ ನೋಡಬಹುದಿತ್ತು. ಕರೆಂಟು ಕೊಟ್ಟಿರೋ ಚರ್ಮ, ಈಗ ತುಂಬಾ ತೆಳ್ಳಗಾಗಿದೆ. ಇನ್ನೊಂದು ಚೀಲ ತಡೆಯಲ್ಲ. ಬೇರೆ ದಾರಿ ಇದೆ, ಹೊಟ್ಟೆ ಭಾಗದಿಂದ ಮಾಂಸ ತೆಗೆದು ಕೂರಿಸೋದು. ದೊಡ್ಡ ಆಪರೇಷನ್ನು."

ಅಕ್ಕ ಬೇಡವೆಂದಳು. ಚೀಲವನ್ನಷ್ಟೇ ತೆಗೆಸಿಕೊಂಡಳು. ವಾಪಸು ಬರುವಾಗ ಕಾರಿನಲ್ಲಿ, ಚಿಕ್ಕಬಳ್ಳಾಪುರ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಒಂದೇ ಎದೆ, ಎರಡು ಸಲ ಕಳ್ಕೊಂಡೆ ಕಣೇ." ನೋವೇನೋ ಹೋಯಿತು. ಆದರೆ ಅವಳು ಕನ್ನಡಿಯ ಮೇಲೆ ಟವೆಲ್ ಹಾಕಿದಳು. ಸ್ಕೂಲಿಗೆ ಹೋಗುವಳು, ಬರುವಳು, ಅಷ್ಟೇ. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೂ ಹೋಗಲಿಲ್ಲ. ಈ ಮದುವೆಗೂ ಬರಲ್ಲ ಅಂದವಳು ಇವತ್ತು ಬೆಳಿಗ್ಗೆ ಅದೇನನ್ನಿಸಿತೋ, ಬ್ಲೌಸ್ ಹೊಲಿಸಣ ನಡಿ ಅಂದಳು.

"ಸಿಕ್ತೇನೇ?" ಹೊರಗಿನಿಂದ ಕೂಗಿದಳು.

"ಸಿಕ್ತು. ಆದ್ರೆ ಬೇಡ ಬಿಡಕ್ಕ." ಹಸಿರು ಬ್ಲೌಸನ್ನು ಅಲ್ಲೇ ಬಿಟ್ಟು ಬೀರು ಮುಚ್ಚಿದೆ.

ಅಂಗಡಿಯಲ್ಲಿ ಶಮೀಮಾ ಅಭ್ಯಾಸಬಲದಿಂದ ಕೈ ಚಾಚಿದಳು. "ಅಳತೆ ಬ್ಲೌಸ್ ಕೊಡಿ ಮೇಡಂ."

"ಇಲ್ಲಮ್ಮ. ಮೈ ಮೇಲೇ ತಗೋ" ಅಂದಳು ಅಕ್ಕ.

ಪರದೆ ಎಳೆದಳು ಶಮೀಮಾ. ಅಕ್ಕ ಸೆರಗು ಸರಿಸಿ ನಿಂತಳು. ಟೇಪು ಬೆನ್ನು ಬಳಸಿ ಮುಂದೆ ಬಂತು. ಎಡಗಡೆ ಬಂದಾಗ ಶಮೀಮಾಳ ಕೈ ತಡೆಯಿತು. ಅಲ್ಲಿ ಟೇಪನ್ನು ಸಡಿಲ ಬಿಟ್ಟಳು.

"ಬಿಗಿಯಾಗೇ ಹಿಡಿಯಮ್ಮ," ಅಕ್ಕ ಅಂದಳು, "ಅಲ್ಲೇನೂ ಇಲ್ಲ."

ಶಮೀಮಾ ಬಿಗಿಯಾಗಿ ಹಿಡಿದಳು. ಅಕ್ಕನದು ಮುಗಿದ ಮೇಲೆ ನಾನೂ ಸೆರಗು ಸರಿಸಿ, ಕೈ ಎತ್ತಿ ನಿಂತೆ.